ಹೊಲದ ಮಾತು: ಹೂವು ಮುಗೀತು, ಮುಂದೇನು?

ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ ಉಂಡು ಬಂದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳೇ ಬೇರೆ. ಜುಲೈಯಲ್ಲಿ ಎಲ್ಲರೂ ಯಾವ ಸಸಿ ಹಚ್ಚಲಿ ಅಂತ ಬರೆಯುತ್ತಾರೆ. ಈಗ ಹೂವು ಮುಗೀತು, ಹೊಲಕ್ಕೆ ಏನು ಮಾಡಲಿ ಅಂತ ಬರೆಯುತ್ತಾರೆ. ಈ ಎರಡನೇ ಪ್ರಶ್ನೆ ಕೇಳುವವರು ಕಡಿಮೆ. ಆದರೆ ಅವರ ಹೊಲದಲ್ಲೇ ಮರುವರ್ಷ ಒಳ್ಳೆ ಹೂವು ನೋಡಿದ್ದೇನೆ.

ಹೊಸ ಓದುಗರಿಗೆ ಒಂದು ಮಾತು. ನಮ್ಮದು ಕಲಬುರಗಿ ಜಿಲ್ಲೆಯ ಕಮಲಾಪುರದ ಹತ್ತಿರ ಸಣ್ಣ ಹೂವಿನ ಹೊಲ. ಅರ್ಧ ಕೆಂಪು ಮಣ್ಣು, ಅರ್ಧ ಕಪ್ಪು ಎರೆ. ಚೆಂಡು ಹೂವು, ಸೇವಂತಿಗೆ, ಒಂದಷ್ಟು ಸುಗಂಧರಾಜ ಬೆಳೆಯುತ್ತೇವೆ. ಹೂವು ಕಲಬುರಗಿಗೆ ಹೋಗುತ್ತದೆ. ಜಾಸ್ತಿ ಆದರೆ ಹುಮನಾಬಾದ್ ಮೇಲೆ ಹೈದರಾಬಾದಿನ ಗುಡಿಮಲ್ಕಾಪುರ ಮಾರ್ಕೆಟಿಗೆ. ಇಲ್ಲಿ ಬರೆಯುವುದೆಲ್ಲ ಈ ಮಣ್ಣಿನಲ್ಲಿ ನಿಂತು ಬರೆಯುವುದು.

ಅಕ್ಕಾವ್ರೆ, ನಮ್ಮದು ಅರ್ಧ ಎಕರೆ ಎರೆ ಭೂಮಿ. ಆಗಸ್ಟಿನಲ್ಲಿ ಚೆಂಡು ಹೂವು ಹಚ್ಚಿದ್ದೆವು. ದೀಪಾವಳಿಗೆ ಚಲೋ ಬಂತು. ಈಗ ಹೂವು ಸಣ್ಣಗಾಗಿವೆ, ಆದರೂ ಬಿಡುತ್ತಿವೆ. ನಮ್ಮವರು "ಒಣಗುವ ತನಕ ಇರಲಿ, ಬಂದಷ್ಟು ಬರಲಿ" ಅಂತಾರೆ. ನನಗೆ ಕಿತ್ತುಬಿಡೋಣ ಅನಿಸುತ್ತದೆ. ಯಾರದು ಸರಿ?
(ಓದುಗಿ, ಆಳಂದ ತಾಲ್ಲೂಕು)

ನೀವು ಹೇಳುವುದೇ ಸರಿ, ತಾಯಿ. ಗಿಡ ಹಸಿರಿರುವಾಗಲೇ ಕೀಳಿ. ಒಣಗುವ ತನಕ ಕಾಯಬೇಡಿ.

ನಿಮ್ಮವರ ಮಾತಿನಲ್ಲೂ ಅರ್ಥ ಇದೆ. ಹೂವು ಬಿಡುತ್ತಿರುವ ಗಿಡ ಕೀಳಲು ಯಾರಿಗಾದರೂ ಮನಸ್ಸು ಬರುವುದಿಲ್ಲ. ಹಾಗಾಗಿ ಇಬ್ಬರೂ ಕೂತು ಒಂದು ಲೆಕ್ಕ ಹಾಕಿ. ಒಂದು ಆಳು ದಿನಕ್ಕೆ ಎಷ್ಟು ಕಿಲೋ ಬಿಡಿಸುತ್ತಾಳೆ? ದೊಡ್ಡ ಹೂವು ಇದ್ದಾಗ ಬುಟ್ಟಿ ಬೇಗ ತುಂಬುತ್ತಿತ್ತು. ಈಗ ಅದೇ ಬುಟ್ಟಿಗೆ ಎರಡು ಪಟ್ಟು ಹೂವು ಕೈಯಲ್ಲಿ ಹಿಡಿಯಬೇಕು. ಕೂಲಿ ಮಾತ್ರ ಅಷ್ಟೇ. ಅಷ್ಟೇ ಯಾಕೆ, ಜಾಸ್ತಿನೇ. ನಮ್ಮ ಕಡೆ ಹೂವಿನ ರೇಟು ಇಳಿಯುವುದೂ ತೊಗರಿ ರಾಶಿ ಶುರುವಾಗುವುದೂ ಒಂದೇ ಹೊತ್ತಿಗೆ. ತೊಗರಿ ಆದ ಮೇಲೆ ಕಡಲೆ, ಜೋಳ. ಆಳುಗಳೆಲ್ಲ ಅತ್ತ ಹೋಗುತ್ತಾರೆ. ಹೂವು ಬಿಡಿಸಲು ಬಾ ಅಂದರೆ ರಾಶಿಯ ಕೂಲಿಯನ್ನೇ ಕೇಳುತ್ತಾರೆ, ಕೇಳುವುದು ನ್ಯಾಯವೇ. ಒಂದು ದಿನದ ಹೂವಿನ ದುಡ್ಡಿನಲ್ಲಿ ಕೂಲಿ, ಗಾಡಿ ಬಾಡಿಗೆ, ಕಮಿಷನ್ ಕಳೆದು ಕೈಗೆ ಏನೂ ಉಳಿಯದಿದ್ದರೆ ಅವತ್ತೇ ಬೆಳೆ ಮುಗಿದ ಹಾಗೆ. ಗಿಡದಲ್ಲಿ ಹೂವು ಇದೆಯೋ ಇಲ್ಲವೋ ಅನ್ನುವುದು ಆಮೇಲಿನ ಮಾತು.

ಇನ್ನು ಹಸಿರಿರುವಾಗಲೇ ಯಾಕೆ ಅಂತ ಹೇಳುತ್ತೇನೆ. ಎರೆ ಭೂಮಿಯ ಗುಣ ನಿಮಗೆ ಗೊತ್ತೇ ಇದೆ. ಈಗ ಹಸಿ ಇದೆ. ಫೆಬ್ರವರಿ ದಾಟಿದರೆ ಬಿರುಕು ಬಿಡುತ್ತದೆ, ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ಗಿಡ ಎಳೆದರೆ ಕಾಂಡ ಕೈಗೆ ಬರುತ್ತದೆ, ಬೇರು ಅಲ್ಲೇ ಉಳಿಯುತ್ತದೆ. ಈಗ ಹಿಂದಿನ ದಿನ ತೆಳ್ಳಗೆ ನೀರು ಬಿಟ್ಟು, ಬೆಳಿಗ್ಗೆ ಬುಡ ಹಿಡಿದು ಎಳೆಯಿರಿ. ಬೇರಿನ ಸಮೇತ ಬರುತ್ತದೆ. ಮಣ್ಣು ಅಲ್ಲೇ ಕೊಡವಿ.

ಎರಡನೆಯದು ಬೀಜದ ವಿಷಯ. ಒಣಗಿದ ಹೂವಿನಿಂದ ಬೀಜ ಉದುರಿ ಮಣ್ಣಿಗೆ ಬಿದ್ದರೆ ಮೊದಲ ಮಳೆಗೆ ಹೊಲದ ತುಂಬ ಸಸಿ ಏಳುತ್ತವೆ. ಚಲೋ ಆಯ್ತು, ಸಸಿ ಪುಕ್ಕಟೆ ಸಿಕ್ಕವು ಅಂತ ಖುಷಿ ಪಡಬೇಡಿ. ಹೈಬ್ರಿಡ್ ಗಿಡದ ಬೀಜ ಆದರೆ ಒಂದೊಂದು ಸಸಿ ಒಂದೊಂದು ಥರ ಇರುತ್ತದೆ. ಜೊತೆಗೆ ನುಸಿ, ಎಲೆಚುಕ್ಕೆ ಎಲ್ಲಾ ಅದೇ ಸಸಿಗಳ ಮೇಲೆ ಮೊದಲು ಕೂತು, ಅಲ್ಲಿಂದ ನಿಮ್ಮ ಹೊಸ ಬೆಳೆಗೆ ದಾಟುತ್ತವೆ.

ಮೂರನೆಯದು ಗೊಬ್ಬರ. ಹಸಿ ಗಿಡ ಬೇಗ ಕೊಳೆಯುತ್ತದೆ. ಒಣಗಿ ಕಟ್ಟಿಗೆಯಾದ ಚೆಂಡಿನ ಕಾಂಡ ಮಳೆಗಾಲ ಕಳೆದರೂ ತಿಪ್ಪೆಯಲ್ಲಿ ಹಾಗೇ ಇರುತ್ತದೆ. ಗೇಣುದ್ದ ತುಂಡು ಮಾಡಿ, ಒಂದು ಪದರ ಗಿಡ, ಮೇಲೆ ಸಗಣಿ ರಾಡಿ, ಅದರ ಮೇಲೆ ಬುಟ್ಟಿ ಮಣ್ಣು ಹಾಕಿ ಗುಂಡಿ ತುಂಬಿಸಿ. ಹಿಂಡಿದರೆ ಕೈ ಒದ್ದೆಯಾಗುವಷ್ಟು ಪಸೆ ಇರಬೇಕು, ನೀರು ಸೋರಬಾರದು. ತಿಂಗಳಿಗೊಮ್ಮೆ ತಿರುವಿ ಹಾಕಿದರೆ ಮುಂಗಾರಿಗೆ ಗೊಬ್ಬರ ತಯಾರು. ಎಲೆ ಕಪ್ಪಾಗಿ ಸುಟ್ಟಂತಾದ ಗಿಡ, ಹೂವು ಕೊಳೆತ ಗಿಡ ಇದ್ದರೆ ಮಾತ್ರ ಅವನ್ನು ಗುಂಡಿಗೆ ಹಾಕಬೇಡಿ. ಬೇರೆ ತೆಗೆದು ಸುಟ್ಟುಬಿಡಿ.

ಒಂದು ಸಾಲು ಉಳಿಸಿಕೊಳ್ಳಬೇಕು ಅನಿಸಿದರೆ ಬಾವಿಗೆ ಹತ್ತಿರದ್ದು ಉಳಿಸಿ. ಶಿವರಾತ್ರಿ ಇದೆ, ಹೋಳಿ ಆದ ಮೇಲೆ ಕಲಬುರಗಿ ಶರಣಬಸವೇಶ್ವರ ಜಾತ್ರೆ ಇದೆ, ಮುಂದೆ ಮಾರ್ಚ್ 19ಕ್ಕೆ ಯುಗಾದಿ. ಮನೆ ಪೂಜೆಗೂ ಆಗುತ್ತದೆ, ನಾಲ್ಕು ಮಾಲೆಗೂ ಆಗುತ್ತದೆ. ಅರ್ಧ ಎಕರೆಗೆ ಬೇಸಿಗೆಯಲ್ಲಿ ನೀರು ಹಾಯಿಸುವುದು ಬೇಡ. ಆ ನೀರು ದನಕ್ಕೆ, ಮನೆಗೆ ಬೇಕಾಗುತ್ತದೆ.

ಅಕ್ಕಾ, ನಾನು ಡಿಗ್ರಿ ಮುಗಿಸಿ ಹೊಲಕ್ಕೆ ಬಂದವನು. ಪ್ರತಿ ವರ್ಷ ನರ್ಸರಿಯಿಂದ ಚೆಂಡಿನ ಸಸಿ ತರಲು ಭಾಳ ದುಡ್ಡು ಹೋಗುತ್ತದೆ. ಗಿಡದ ಮೇಲೆ ಇಷ್ಟು ಹೂವು ಒಣಗಿ ನಿಂತಿವೆ. ಇದರದೇ ಬೀಜ ಇಟ್ಟುಕೊಂಡರೆ ಆಗಲ್ವಾ?
(ಓದುಗ, ಭಾಲ್ಕಿ)

ಆಗುತ್ತದೆ ತಮ್ಮಾ, ಆದರೆ ಎಲ್ಲದರದ್ದೂ ಅಲ್ಲ. ಮೊದಲು ನರ್ಸರಿಯ ಚೀಟಿ ತೆಗೆದು ನೋಡು. ಎಫ್-1 ಅಂತ ಇದ್ದರೆ ಅದು ಹೈಬ್ರಿಡ್. ಅದರ ಬೀಜ ಇಟ್ಟು ಹಚ್ಚಿದರೆ ತಾಯಿ ಗಿಡದ ಹಾಗೆ ಬರುವುದಿಲ್ಲ. ಕೆಲವು ಎತ್ತರ, ಕೆಲವು ಗಿಡ್ಡ, ಹೂವು ಕೆಲವು ಒಂಟಿ ಎಸಳು, ಬಣ್ಣವೂ ಬೇರೆ ಬೇರೆ. ಮಾರ್ಕೆಟಿನಲ್ಲಿ ಒಂದೇ ಅಳತೆಯ, ಒಂದೇ ಬಣ್ಣದ ಹೂವಿಗೆ ರೇಟು. ಕಲಬೆರಕೆ ಬುಟ್ಟಿಗೆ ಯಾರೂ ಅಷ್ಟು ಕೊಡುವುದಿಲ್ಲ.

ಊರ ತಳಿ ಇದ್ದರೆ, ಅಥವಾ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ನಾರಂಗಿ ಗೇಂದಾ, ಪೂಸಾ ಬಸಂತಿ ಗೇಂದಾದಂಥ ತಳಿ ಇದ್ದರೆ ಬೀಜ ಇಡಬಹುದು. ಮೊದಲನೆಯದು ಕಿತ್ತಳೆ ಬಣ್ಣ, ಎರಡನೆಯದು ಹಳದಿ. ಎರಡನ್ನೂ ಪಕ್ಕ ಪಕ್ಕ ಹಚ್ಚಿದ್ದರೆ ಜೇನ್ನೊಣ ಮಿಶ್ರ ಮಾಡಿಬಿಡುತ್ತದೆ. ಬೀಜಕ್ಕೆ ಬಿಡುವ ಗಿಡಗಳು ಬೇರೆ ಬಣ್ಣದವುಗಳಿಂದ ದೂರ ಇರಬೇಕು.

ಬೀಜಕ್ಕೆ ಹೂವು ಆರಿಸುವುದು ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಲ್ಲೇ ಜಾಸ್ತಿ ಜನ ಅವಸರ ಮಾಡುತ್ತಾರೆ. ಸೀಸನ್ ಕೊನೆಯ ಸಣ್ಣ ಹೂವಿನ ಬೀಜ ಬೇಡ. ಗಟ್ಟಿ ಗಿಡ, ರೋಗ ಇಲ್ಲದ ಗಿಡ, ತುಂಬಿದ ಹೂವು ಬಿಟ್ಟ ಗಿಡ ಗುರುತು ಮಾಡು. ಎಸಳು ಒಣಗಿ ಕಂದು ಬಣ್ಣಕ್ಕೆ ತಿರುಗಬೇಕು. ಕೆಳಗಿನ ಹಸಿರು ತೊಟ್ಟು ಹಳದಿಯಾಗಿ ಸುಕ್ಕುಗಟ್ಟಬೇಕು. ತೊಟ್ಟು ಇನ್ನೂ ಹಸಿರಾಗಿದ್ದರೆ ಬೀಜ ಬಲಿತಿಲ್ಲ. ಪೂರ್ತಿ ಕಪ್ಪಾಗಿ ಇಬ್ಬನಿಗೆ ನೆನೆದು ಮೆತ್ತಗಾಗಿದ್ದರೆ ಒಳಗೆ ಬೂಸ್ಟು ಹಿಡಿದಿರುತ್ತದೆ. ಬಿಸಿಲು ಏರಿದ ಮೇಲೆ ಕತ್ತರಿಸಿ ತಂದು, ನೆರಳಿನಲ್ಲಿ ಹಳೆ ಸೀರೆ ಮೇಲೆ ಹರವು. ಒಣಗಿದ ಮೇಲೆ ಎಸಳು ಹಿಡಿದು ಎಳೆದರೆ ಬೀಜಗಳು ಗೊಂಚಲಾಗಿ ಬರುತ್ತವೆ. ಸೂಜಿಯ ಹಾಗೆ ಉದ್ದ, ಬುಡ ಕಪ್ಪು, ತುದಿಗೆ ಬಿಳಿ ಕುಚ್ಚು. ಬೆರಳ ನಡುವೆ ಉಗುರಿನಿಂದ ಒತ್ತಿ ನೋಡು. ಗಟ್ಟಿ ಇದ್ದರೆ ಬೀಜ, ಬಗ್ಗಿ ಮಡಚಿಕೊಂಡರೆ ಬರೀ ಹೊಟ್ಟು. ತುಂಬಿದ ಹೂವಿನಲ್ಲಿ ಬೀಜ ಕಡಿಮೆ ಇರುತ್ತದೆ, ಅದಕ್ಕೆ ಗಾಬರಿಯಾಗಬೇಡ.

ಬಟ್ಟೆ ಚೀಲದಲ್ಲಿ ಕಟ್ಟಿ, ತಳಿ, ಬಣ್ಣ, ತಿಂಗಳು ಬರೆದ ಚೀಟಿ ಒಳಗೇ ಹಾಕಿಡು. ಪ್ಲಾಸ್ಟಿಕ್ ಬೇಡ. ಜೂನಿನಲ್ಲಿ ಬಿತ್ತುವ ಮೊದಲು ಐವತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡು. ವಾರದೊಳಗೆ ಎಷ್ಟು ಮೊಳಕೆ ಬಂದವು ನೋಡಿದರೆ ಮಡಿಗೆ ಎಷ್ಟು ಬೀಜ ಬೇಕು ಅಂತ ಗೊತ್ತಾಗುತ್ತದೆ.

ನಮಸ್ಕಾರ. ನಮ್ಮ ಸೇವಂತಿಗೆ ಸಂಕ್ರಾಂತಿಗೆ ಮುಗಿಯಿತು. ಗಿಡ ಒಣಗಿದ ಹಾಗೆ ಕಾಣುತ್ತದೆ. ಕಿತ್ತು ಹಾಕಿ ಹೊಸ ಸಸಿ ತರಬೇಕಾ, ಇದನ್ನೇ ಉಳಿಸಬೇಕಾ?
(ಓದುಗ, ಹುಮನಾಬಾದ್)

ಅಣ್ಣಾವ್ರೆ, ಕಿತ್ತು ಹಾಕಬೇಡಿ. ಚೆಂಡು ಹೂವಿಗೆ ಹೇಳಿದ ಮಾತು ಸೇವಂತಿಗೆಗೆ ಅನ್ವಯ ಆಗುವುದಿಲ್ಲ. ಚೆಂಡು ಒಂದೇ ಹಂಗಾಮಿನ ಗಿಡ. ಸೇವಂತಿಗೆ ಮೇಲೆ ಒಣಗಿದರೂ ಕೆಳಗೆ ಬದುಕಿರುತ್ತದೆ. ಬುಡದ ಮಣ್ಣು ಬೆರಳಿನಿಂದ ಸರಿಸಿ ನೋಡಿ. ಬಿಳಿ ಬಿಳಿ ಮರಿಗಳು, ಅಂದರೆ ಬುಡದ ಹೊಸ ಚಿಗುರುಗಳು, ಹೊರಗೆ ಬರಲು ತಯಾರಾಗಿರುತ್ತವೆ. ಮುಂದಿನ ವರ್ಷದ ಬೆಳೆ ಅವೇ.

ನಮ್ಮ ನಾಟಿ ಸೇವಂತಿಗೆ ಹಗಲು ಕಿರಿದಾಗಿ ರಾತ್ರಿ ಉದ್ದ ಆದಾಗ ಮೊಗ್ಗು ಕಟ್ಟುವ ಗಿಡ. ಬೀದರ ಕಡೆಯ ಚಳಿ ಅದಕ್ಕೆ ಹಿತ. ಆ ಹೊತ್ತು ಮುಗಿದ ಮೇಲೆ ಯೂರಿಯಾ ಹಾಕಿ ಇನ್ನೊಂದು ಸುತ್ತು ಹೂವು ಬಿಡಿಸುತ್ತೇನೆ ಅಂದರೆ ಎಲೆ ಮಾತ್ರ ಬರುತ್ತದೆ, ದುಡ್ಡು ದಂಡ. ಗಿಡಕ್ಕೆ ವಿಶ್ರಾಂತಿ ಕೊಡಿ.

ನೆಲದಿಂದ ನಾಲ್ಕರಿಂದ ಆರು ಇಂಚು ಬಿಟ್ಟು ಮೇಲಿನದೆಲ್ಲ ಕುಡುಗೋಲಿನಿಂದ ಸವರಿ ತೆಗೆಯಿರಿ. ಉದುರಿದ ಎಲೆ ಬಳಿದು ಸುಡಿ. ಎಲೆಚುಕ್ಕೆಯ ರೋಗ ಆ ಎಲೆಗಳಲ್ಲೇ ಉಳಿದುಕೊಳ್ಳುತ್ತದೆ. ಬುಡಕ್ಕೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಕೊಟ್ಟು ಒಮ್ಮೆ ನೀರು ಬಿಡಿ. ಕೆಲವೇ ವಾರದಲ್ಲಿ ಸುತ್ತ ಮರಿ ಏಳುತ್ತವೆ.

ಎಲ್ಲಾ ಗಿಡದ ಮರಿಯೂ ಬೇಡ. ಇದು ನಾನು ಪ್ರತಿ ವರ್ಷ ಎಲ್ಲರಿಗೂ ಹೇಳುವ ಮಾತು. ಹೂವು ಇರುವಾಗಲೇ ಒಳ್ಳೆ ಗಿಡಕ್ಕೆ ಕೆಂಪು ದಾರ ಕಟ್ಟಿ. ಸವರಿದ ಮೇಲೆ ಎಲ್ಲಾ ಗಿಡವೂ ಒಂದೇ ಥರ ಕಾಣುತ್ತವೆ. ಯಾವುದು ಜಾಸ್ತಿ ಹೂವು ಕೊಟ್ಟಿತು, ಯಾವುದು ತಿಂಗಳು ಮೊದಲೇ ಸೊರಗಿತು ಅಂತ ಆಮೇಲೆ ನೆನಪಿಸಿಕೊಳ್ಳಲು ಆಗುವುದಿಲ್ಲ. ಈ ವರ್ಷ ಕಟ್ಟಿಲ್ಲ ಅಂದರೆ ಬಿಡಿಸುವ ಹೆಣ್ಣುಮಕ್ಕಳನ್ನು ಕೇಳಿ. ಯಾವ ಸಾಲಿನಲ್ಲಿ ಬುಟ್ಟಿ ಬೇಗ ತುಂಬುತ್ತಿತ್ತು ಅಂತ ಅವರಿಗೆ ಮಾಲೀಕರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಇನ್ನು ಬೇಸಿಗೆ. ಮರಿ ಉಳಿಸುವುದೇ ನಮ್ಮ ಕಡೆ ಕಷ್ಟದ ಕೆಲಸ. ಏಪ್ರಿಲ್, ಮೇ ಬಿಸಿಲಿಗೆ ಬಯಲಿನಲ್ಲಿ ಬಿಟ್ಟರೆ ಸುಟ್ಟುಹೋಗುತ್ತವೆ. ಬೇರು ಇರುವ, ಮೂರು ನಾಲ್ಕು ಎಲೆ ಬಂದ ಮರಿಗಳನ್ನು ಬೇರ್ಪಡಿಸಿ ಒಂದು ಸಣ್ಣ ಏರುಮಡಿಗೆ ಹಚ್ಚಿ. ಬೆಳಿಗ್ಗೆಯ ಬಿಸಿಲು ಬೀಳಬೇಕು, ಮಧ್ಯಾಹ್ನದ್ದು ಬೀಳಬಾರದು. ನೆರಳು ಪರದೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ತೊಗರಿ ಕಟ್ಟಿಗೆಯ ಚಪ್ಪರ ಸಾಕು. ನೀರು ಸ್ವಲ್ಪ ಸ್ವಲ್ಪ, ಸಂಜೆ ಹೊತ್ತು. ನಿಂತ ನೀರು ಸೇವಂತಿಗೆಗೆ ಆಗಿಬರುವುದಿಲ್ಲ. ಮೇ ಕೊನೆಗೆ ಮಡಿಯಲ್ಲಿ ಬೆಳೆದ ಈ ತಾಯಿ ಗಿಡಗಳ ಕುಡಿ ಕತ್ತರಿಸಿ ಬೇರು ಬರಿಸಿಕೊಂಡರೆ ಜೂನ್ ಜುಲೈ ನಾಟಿಗೆ ಸಸಿ ಮನೆಯಲ್ಲೇ ತಯಾರು.

ಶಹಾಪುರದ ಹತ್ತಿರ ಕಾಲುವೆ ನೀರಿನಲ್ಲಿ ಸುಗಂಧರಾಜ ಹಾಕಿದ್ದೇವೆ. ಎರಡು ವರ್ಷ ಆಯ್ತು. ಗಡ್ಡೆ ಕೀಳಬೇಕಾ, ಬಿಡಬೇಕಾ?
(ಓದುಗರು, ಶಹಾಪುರ)

ಗುಂಪು ಒತ್ತೊತ್ತಾಗಿ, ಹೂವಿನ ಕಡ್ಡಿ ಗಿಡ್ಡ ಆಗುತ್ತಾ ಬಂದಿದ್ದರೆ ಕೀಳಿ. ಕಡ್ಡಿ ಇನ್ನೂ ಉದ್ದ ಬರುತ್ತಿದ್ದರೆ ಮೂರನೇ ವರ್ಷಕ್ಕೂ ಬಿಡಬಹುದು. ಕೀಳುವುದಾದರೆ ಕಾಲುವೆ ನೀರು ಬರುವುದು ನಿಂತ ಮೇಲೆ ಎಲೆ ತಾನಾಗಿ ಹಳದಿಯಾಗಿ ಒಣಗಲಿ. ಎಲೆಯ ಸತ್ವ ಗಡ್ಡೆಗೆ ಇಳಿಯುವುದು ಆಗಲೇ. ಹಸಿರು ಎಲೆ ಕೊಯ್ದು ಅವಸರದಲ್ಲಿ ಅಗೆಯಬೇಡಿ. ಅಗೆದ ಗಡ್ಡೆಯ ಮಣ್ಣು ಕೊಡವಿ, ನೆರಳಿನಲ್ಲಿ ಗಾಳಿ ಆಡುವ ಕಡೆ ತೆಳ್ಳಗೆ ಹರವಿ. ನಾಲ್ಕು ದಿನಕ್ಕೊಮ್ಮೆ ಕೈಯಾಡಿಸಿ, ಮೆತ್ತಗಾದದ್ದು ಕಂಡರೆ ಎತ್ತಿ ಹಾಕಿ. ತಿಂಗಳು, ಒಂದೂವರೆ ತಿಂಗಳು ಹೀಗೆ ಇಟ್ಟು ಹಚ್ಚಿದರೆ ಮೊಳಕೆ ಒಂದೇ ಸಮ ಬರುತ್ತದೆ. ದೊಡ್ಡ ಗಡ್ಡೆ ಹೊಲಕ್ಕೆ. ಗೋಲಿಗಿಂತ ಸಣ್ಣವು ಆ ವರ್ಷ ಹೂವು ಕೊಡುವುದಿಲ್ಲ, ಬೇರೆ ಮಡಿಯಲ್ಲಿ ಬೆಳೆಸಿ.

ಡ್ರಿಪ್ ಪೈಪಿನ ತೂತುಗಳೆಲ್ಲ ಬಿಳಿ ಪದರ ಕಟ್ಟಿ ಮುಚ್ಚಿವೆ. ಅರ್ಧ ಸಾಲಿಗೆ ನೀರೇ ಹೋಗಲಿಲ್ಲ. ಹೊಸ ಪೈಪ್ ತರಬೇಕಾ? ಸೇವಂತಿಗೆ ಚಿಗುರು ಹಳದಿಯಾಗಿತ್ತು, ಅದಕ್ಕೂ ಇದೇ ಕಾರಣವಾ?
(ಓದುಗ, ಚಿತ್ತಾಪುರ ತಾಲ್ಲೂಕು)

ಪೈಪ್ ಈಗಲೇ ಎಸೆಯಬೇಡಿ. ಚಿತ್ತಾಪುರ, ಸೇಡಂ, ಶಹಾಬಾದ್ ಎಲ್ಲಾ ಸುಣ್ಣಕಲ್ಲಿನ ನಾಡು. ಸಿಮೆಂಟ್ ಫ್ಯಾಕ್ಟರಿಗಳು ಅಲ್ಲಿಗೆ ಬಂದದ್ದೇ ಆ ಕಲ್ಲಿಗಾಗಿ. ನಿಮ್ಮ ಬೋರ್ ನೀರು ಅದೇ ಕಲ್ಲಿನ ಸಂದಿನಿಂದ ಬರುತ್ತದೆ. ಮನೆಯಲ್ಲಿ ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಬಿಳಿ ಪದರವೇ ಪೈಪಿನಲ್ಲೂ ಕಟ್ಟಿದೆ.

ಬೆಳೆ ತೆಗೆದ ಮೇಲೆ ಮೊದಲು ಫಿಲ್ಟರ್ ಬಿಚ್ಚಿ ತೊಳೆಯಿರಿ. ಪೈಪುಗಳ ಕೊನೆಯ ಮುಚ್ಚಳ ತೆಗೆದು ಜೋರಾಗಿ ನೀರು ಬಿಡಿ. ಕೆಸರು ನೀರು ಹೋಗಿ ತಿಳಿ ನೀರು ಬರಬೇಕು. ಆಮೇಲೆ ಆಸಿಡ್. ಹೈಡ್ರೋಕ್ಲೋರಿಕ್ ಆಸಿಡನ್ನು ನೀರಿಗೆ ಬೆರೆಸಿ ವೆಂಚುರಿ, ಅಂದರೆ ಪೈಪಿನ ನೀರಿಗೆ ದ್ರವ ಎಳೆದು ಬೆರೆಸುವ ಸಾಧನದ ಮೂಲಕ ಬಿಡಬೇಕು. ಕೊನೆಯ ಸಾಲಿನಲ್ಲಿ ತೊಟ್ಟಿಕ್ಕುವ ನೀರನ್ನು ನೀರಿನ ಹುಳಿ ಎಷ್ಟಿದೆ ಅಂತ ತೋರಿಸುವ ಪಿಎಚ್ ಕಾಗದದಲ್ಲಿ ನೋಡಿ. ಪಿಎಚ್ 4ರ ಹತ್ತಿರ ಬಂದರೆ ಸಾಕು, ಮೋಟಾರ್ ನಿಲ್ಲಿಸಿ. ಒಂದು ದಿನ ಹಾಗೇ ಇರಲಿ. ಮರುದಿನ ಮುಚ್ಚಳ ತೆಗೆದು ಬರೀ ನೀರಿನಿಂದ ತೊಳೆದುಬಿಡಿ.

ದಯವಿಟ್ಟು ಇದೊಂದು ನೆನಪಿಡಿ. ನೀರಿಗೆ ಆಸಿಡ್ ಹಾಕಬೇಕು. ಆಸಿಡ್‌ಗೆ ನೀರು ಹಾಕಬಾರದು, ಮುಖಕ್ಕೆ ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್, ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕು. ಮಕ್ಕಳು ಹತ್ತಿರ ಸುಳಿಯಬಾರದು. ಗೊತ್ತಿದ್ದವರನ್ನು ಕರೆಸಿ ಮಾಡಿಸಿದರೆ ಇನ್ನೂ ಒಳ್ಳೆಯದು.

ತೊಳೆದ ಪೈಪನ್ನು ದೊಡ್ಡ ಸುರುಳಿ ಸುತ್ತಿ ಮಾಳಿಗೆಯ ತೊಲೆಗೆ ನೇತು ಹಾಕಿ. ನೆಲದ ಮೇಲೆ ಇಟ್ಟರೆ ಇಲಿ ಕಡಿಯುತ್ತದೆ. ಬಿಸಿಲಿನಲ್ಲಿ ಬಿಟ್ಟರೆ ಗಡುಸಾಗಿ ಒಡೆಯುತ್ತದೆ.

ಚಿಗುರು ಹಳದಿಯಾದದ್ದಕ್ಕೂ ಸುಣ್ಣವೇ ಕಾರಣ ಇರಬಹುದು. ನರ ಹಸಿರು ಉಳಿದು ನಡುವೆ ಮಾತ್ರ ಹಳದಿಯಾಗಿತ್ತಾ? ಹಾಗಿದ್ದರೆ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣ ಜಾಸ್ತಿ ಇದ್ದಾಗ ಬೇರಿಗೆ ಸಿಗುವುದಿಲ್ಲ. ಹೊಲ ಖಾಲಿ ಇರುವ ಈಗಲೇ ಮಣ್ಣು ಪರೀಕ್ಷೆ ಮಾಡಿಸಿ. ಗೊಬ್ಬರ ಹಾಕುವ ಮೊದಲೇ ಮಣ್ಣು ತೆಗೆಯಬೇಕು. ತಿಪ್ಪೆ ಹತ್ತಿರ, ಬದುವಿನ ಹತ್ತಿರ ತೆಗೆಯಬೇಡಿ. ಹತ್ತು ಕಡೆ ಆರು ಇಂಚು ಆಳದ ಗುಂಡಿ ತೋಡಿ, ಗೋಡೆಯಿಂದ ಮಣ್ಣು ಕೆರೆದು, ಎಲ್ಲಾ ಬೆರೆಸಿ ಅರ್ಧ ಕಿಲೋ ಸಾಕು. ರೈತ ಸಂಪರ್ಕ ಕೇಂದ್ರದಲ್ಲೋ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೊಡಿ. ಕಲಬುರಗಿ, ಬೀದರ, ಯಾದಗಿರಿ ಮೂರೂ ಜಿಲ್ಲೆಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ.

ಸೆಪ್ಟೆಂಬರಿನಲ್ಲಿ ಭೀಮಾ ನದಿ ಬಂದು ನಮ್ಮ ಹೂವಿನ ಹೊಲದಲ್ಲಿ ನೀರು ನಿಂತಿತ್ತು. ಸೇವಂತಿಗೆ, ಆಸ್ಟರ್ ಎರಡೂ ಸೊರಗಿ ಸತ್ತವು. ಈ ವರ್ಷ ಅದೇ ಜಾಗದಲ್ಲಿ ಮತ್ತೆ ಹೂವು ಹಾಕಬಹುದಾ?
(ಓದುಗ, ಅಫಜಲಪುರ ತಾಲ್ಲೂಕು)

ನಿಮ್ಮ ಪತ್ರ ಓದಿ ತುಂಬಾ ಬೇಜಾರಾಯಿತು, ಕಾಕಾ. 2025ರ ಆ ಮಳೆಗೆ ನಮ್ಮ ಮೂರು ಜಿಲ್ಲೆಯಲ್ಲೂ ಬೆಳೆ ಹೋದ ಮನೆಗಳು ಬಹಳ. ದಸರೆ ಹದಿನೈದು ದಿನ ಕೂಡ ಇಲ್ಲದಿರುವಾಗ ಹೂವು ಹೋಗುವುದೆಂದರೆ ವರ್ಷದ ದುಡಿಮೆಯೇ ಹೋದ ಹಾಗೆ.

ಅದೇ ಜಾಗದಲ್ಲಿ ಈ ವರ್ಷ ಸೇವಂತಿಗೆ, ಆಸ್ಟರ್ ಬೇಡ. ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುತ್ತದೆ. ಸತ್ತ ಗಿಡ ಇನ್ನೂ ಹೊಲದಲ್ಲಿದ್ದರೆ ಬೇರು ಸಮೇತ ತೆಗೆದು ಸುಡಿ. ಆಮೇಲೆ ಮಾಗಿ ಉಳುಮೆ ಮಾಡಿ, ಹೆಂಟೆ ಒಡೆಯದೆ ಬಿಡಿ. ಏಪ್ರಿಲ್, ಮೇ ಬಿಸಿಲು ಒಳಗೆ ಇಳಿಯಲಿ. ನಮ್ಮ ಬಿಸಿಲಿನಿಂದ ಆಗುವ ದೊಡ್ಡ ಉಪಕಾರ ಇದು. ಮೊದಲ ಮಳೆಗೆ ಎಕರೆಗೆ ಇಪ್ಪತ್ತು, ಇಪ್ಪತ್ತೈದು ಕಿಲೋ ಸೆಣಬಿನ ಬೀಜ ಹಸಿರು ಗೊಬ್ಬರಕ್ಕೆ ಚೆಲ್ಲಿ, ಒಂದೂವರೆ ತಿಂಗಳಿಗೆ ಹೂವು ಕಾಣುತ್ತಿದ್ದಂತೆ ಮಣ್ಣಿಗೆ ಸೇರಿಸಿ. ಮುಂದೆ ಹಿಂಗಾರಿಗೆ ಜೋಳವೋ ಉಳ್ಳಾಗಡ್ಡಿಯೋ ಹಾಕಿ.

ಬೆಳೆ ಬದಲಿಸುವಾಗ ಒಂದು ವಿಷಯ ಗಮನದಲ್ಲಿರಲಿ. ಸೇವಂತಿಗೆ, ಆಸ್ಟರ್, ಚೆಂಡು, ಗಲಾಟೆ ಹೂವು, ಸೂರ್ಯಕಾಂತಿ ಎಲ್ಲವೂ ಒಂದೇ ಕುಟುಂಬದ ಗಿಡಗಳು. ಸೇವಂತಿಗೆ ತೆಗೆದು ಸೂರ್ಯಕಾಂತಿ ಹಾಕಿದರೆ ಬದಲಿಸಿದ ಹಾಗಾಗುವುದಿಲ್ಲ. ಆದರೆ ಚೆಂಡಿಗೆ ಒಂದು ವಿಶೇಷ ಗುಣ ಇದೆ. ಅದರ ಬೇರಿನಿಂದ ಹೊರಡುವ ರಸಕ್ಕೆ ಗಂಟುಬೇರು ತರುವ ಜಂತುಹುಳು ಕಡಿಮೆಯಾಗುತ್ತವೆ. ಅದಕ್ಕೇ ಒಂದು ಹಂಗಾಮು ಚೆಂಡು ಬೆಳೆದ ಜಾಗದಲ್ಲಿ ಬದನೆ, ಟೊಮ್ಯಾಟೊ ಚಲೋ ಬರುತ್ತದೆ. ಗಿಡ ಬೆಳೆದು ನಿಂತರೆ ಮಾತ್ರ ಈ ಉಪಯೋಗ. ಬೇರೆ ಕಡೆಯಿಂದ ಕಿತ್ತು ತಂದ ಚೆಂಡು ಹರವಿದರೆ ಅಷ್ಟು ಆಗುವುದಿಲ್ಲ.

ನದಿ ದಂಡೆಯ ಎರೆ ಭೂಮಿಯಲ್ಲಿ ಮುಂದೆ ಹೂವು ಹಾಕುವಾಗ ಸಮತಟ್ಟು ಹೊಲದಲ್ಲಿ ಹಚ್ಚಬೇಡಿ. ಏರುಮಡಿ ಮಾಡಿ, ಕೊನೆಗೆ ನೀರು ಹೋಗಲು ಕಾಲುವೆ ಬಿಡಿ. ಈಗ ಹೊಲ ಖಾಲಿ ಇದೆ, ಇಳಿಜಾರು ನೋಡಿ ಕಾಲುವೆ ತೆಗೆಯಲು ಇದೇ ಸರಿಯಾದ ಹೊತ್ತು.

ಅಕ್ಕಾ, ಹೂವು ಕೊಟ್ಟ ಅಂಗಡಿಯವರು ಇನ್ನೂ ಪೂರ್ತಿ ದುಡ್ಡು ಕೊಟ್ಟಿಲ್ಲ. "ಮುಂದಿನ ಸೀಸನ್ನಿಗೆ ನೋಡೋಣ" ಅಂತಾರೆ. ಚೀಟಿ ಕೆಲವು ಇವೆ, ಕೆಲವು ಇಲ್ಲ. ಈ ವರ್ಷ ಯಾವಾಗ ಸಸಿ ಹಚ್ಚಿದರೆ ದಸರೆಗೆ ಹೂವು ಸಿಗುತ್ತದೆ ಅಂತಲೂ ಹೇಳಿ.
(ಓದುಗಿ, ಗುರುಮಠಕಲ್)

ಮುಂದಿನ ಸೀಸನ್ನಿಗೆ ಬಿಡಬೇಡಿ ತಂಗಿ, ಈಗಲೇ ಕೇಳಿ. ನಿಮ್ಮ ಬೆವರಿನ ದುಡ್ಡು ಅದು. ಇರುವ ಚೀಟಿ ತಾರೀಖಿನ ಪ್ರಕಾರ ಜೋಡಿಸಿ. ಇಲ್ಲದ ದಿನಗಳಿಗೆ ಗಾಡಿ ಬಾಡಿಗೆ ಕೊಟ್ಟ ದಿನ, ಕೂಲಿ ಕೊಟ್ಟ ದಿನ ನೋಡಿ. ಹೂವು ಹೋದ ತಾರೀಖು ಅಲ್ಲಿ ಸಿಗುತ್ತದೆ. ಫೋನಿನಲ್ಲಿ ಬಂದ ದುಡ್ಡಿನ ಮೆಸೇಜುಗಳನ್ನೂ ಬರೆದುಕೊಳ್ಳಿ. ಎಲ್ಲಾ ಒಂದು ಹಾಳೆಯಲ್ಲಿ ಬರೆದು, ಅಂಗಡಿಯ ಗಿರಾಕಿ ಗದ್ದಲ ಇಲ್ಲದ ಹೊತ್ತಿಗೆ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಅವರ ಪುಸ್ತಕಕ್ಕೆ ನಿಮ್ಮ ಹಾಳೆ ಹೊಂದಿಸಿ ನೋಡಿ. ಒಪ್ಪಿದ ಬಾಕಿಯನ್ನು ಅಲ್ಲೇ ಬರೆಸಿ ಸಹಿ ಹಾಕಿಸಿ. ಕಂತಿನಲ್ಲಿ ಕೊಡುತ್ತೇನೆ ಅಂದರೆ ತಾರೀಖು ಬರೆಸಿ. ಕೊಡುವುದಿಲ್ಲ ಅಂದರೆ ಮುಂದಿನ ಸೀಸನ್ನಿಗೆ ಆ ಅಂಗಡಿಗೆ ಹೂವು ಬೇಡ.

ಈ ಹಾಳೆಯಿಂದ ಇನ್ನೊಂದು ಲಾಭ ಇದೆ. ಯಾವ ದಿನ ಯಾವ ರೇಟು ಸಿಕ್ಕಿತು ಅನ್ನುವುದು ಅದರಲ್ಲೇ ಕಾಣುತ್ತದೆ. ಹಬ್ಬಕ್ಕೆ ನಾಲ್ಕು ದಿನ ಮೊದಲು ಏರಿ, ಹಬ್ಬದ ಮರುದಿನ ಬಿದ್ದಿರುತ್ತದೆ. ಅದಕ್ಕೇ ನಾಟಿಯ ತಾರೀಖು ಅಷ್ಟು ಮುಖ್ಯ.

ಈ ವರ್ಷ ಹೋದ ವರ್ಷದ ತಾರೀಖಿಗೇ ಹಚ್ಚಿದರೆ ಕೆಡುತ್ತೀರಿ. 2026ರಲ್ಲಿ ಅಧಿಕ ಜ್ಯೇಷ್ಠ ಮಾಸ ಬಂದಿದೆ. ಅದರ ನಂತರದ ಹಬ್ಬಗಳೆಲ್ಲ ತಡವಾಗಿ ಬರುತ್ತವೆ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೆ ಇತ್ತು, ಈ ವರ್ಷ ಅಕ್ಟೋಬರ್ 20ರ ಸುಮಾರಿಗೆ. ದೀಪಾವಳಿ ನವೆಂಬರ್ 8ರ ಹೊತ್ತಿಗೆ. ಗಣೇಶ ಚೌತಿಯೂ ಆಗಸ್ಟ್ 27ರಿಂದ ಸೆಪ್ಟೆಂಬರ್ 14ಕ್ಕೆ ಹೋಗಿದೆ. ಹಳೆ ತಾರೀಖಿಗೆ ಹಚ್ಚಿದ ಗಿಡದ ಮೊದಲ ದೊಡ್ಡ ಹೂವುಗಳು ಹಬ್ಬಕ್ಕೆ ಎರಡು ವಾರ ಮೊದಲೇ ಅಗ್ಗಕ್ಕೆ ಹೋಗುತ್ತವೆ.

ಚೆಂಡು ನಾಟಿ ಮಾಡಿದ ಎರಡು ತಿಂಗಳಿಗೆ ಹೂವು ಶುರು, ಮುಂದೆ ಹತ್ತು ಹದಿನೈದು ದಿನಕ್ಕೆ ಭರ್ತಿ. ದಸರೆಗೆ ಬೇಕಾದರೆ ಆಗಸ್ಟ್ 10ರಿಂದ 15ರೊಳಗೆ ಸಸಿ ನೆಲಕ್ಕೆ ಇಳಿಯಬೇಕು. ಸಸಿಗೆ ನಾಲ್ಕು ವಾರ ಬೇಕು, ಅಂದರೆ ಬೀಜ ಜುಲೈ ಎರಡನೇ ವಾರ. ಅದೇ ಗಿಡ ದೀಪಾವಳಿಗೂ ಹೂವು ಕೊಡುತ್ತದೆ. ಚೌತಿಗೂ ಬೇಕು ಅಂದರೆ ಸ್ವಲ್ಪ ಜಾಗದಲ್ಲಿ ಜುಲೈ ಮೊದಲ ವಾರವೇ ಹಚ್ಚಿ, ಬೀಜ ಜೂನ್ ಮೊದಲ ವಾರ. ಎಲ್ಲಾ ಹೊಲಕ್ಕೂ ಒಂದೇ ದಿನ ಹಚ್ಚಬೇಡಿ. ವಾರ ಬಿಟ್ಟು ಎರಡು ಭಾಗ ಮಾಡಿದರೆ ಬಿಡಿಸಲು ಆಳೂ ಸಾಕಾಗುತ್ತಾರೆ. ನರ್ಸರಿಯಿಂದ ತರುವವರಾದರೆ ಮೇ ತಿಂಗಳಲ್ಲೇ ಹೋಗಿ ತಾರೀಖು ಹೇಳಿ, ಮುಂಗಡ ಕೊಟ್ಟು ಚೀಟಿ ಬರೆಸಿಕೊಳ್ಳಿ.